ಹೊಳೆ ಹಿಂದಕ್ಕೆ ಹರಿದ ಊರು

ಮಂಗಳೂರಿಗೆ ಹೋಗುತ್ತೀರಾ ಎಂದು ಮ್ಯಾನೇಜರು ಕೇಳಿದಾಗ ನನ್ನ ಕೈಯಲ್ಲಿ ಎಣ್ಣೆಯ ಸ್ಯಾಂಪಲ್ ಬಾಟಲಿ ಇತ್ತು. ತಾಂಡವಪುರದ ಬಳಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಲಾರಿಯಲ್ಲಿ ಬಂದ ಎಣ್ಣೆ, ಬೋರಿನಿಂದ ಬಂದ ನೀರು ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಿ ಸಹಿ ಹಾಕುವುದು. ಕಂಪನಿಯವರು ಮಂಗಳೂರಿನಲ್ಲಿ ಹೊಸ ಘಟಕ ಶುರು ಮಾಡುತ್ತಿದ್ದರು. ಅಲ್ಲಿನ ಲ್ಯಾಬಿನ ಪೂರ್ತಿ ಜವಾಬ್ದಾರಿ ನನಗೆ ಕೊಡುತ್ತೇವೆ ಎಂದರು. "ಮನೆಯಲ್ಲಿ ಕೇಳಿ, ತಿಂಗಳ ಕೊನೆಗೆ ಹೇಳಿ" ಎಂದು ಅವರು ಹೊರಟುಹೋದರು. ನಾನು ಬಾಟಲಿಯನ್ನು ಎಲ್ಲಿಟ್ಟೆ ಎಂದು ಮಧ್ಯಾಹ್ನವೆಲ್ಲ ಹುಡುಕಿದೆ.

ಮನೆಯಲ್ಲಿ ಕೇಳಲು ಇದ್ದವರು ಒಬ್ಬರೇ, ನನ್ನ ಗಂಡ. ಅವರದು ಹೆಮ್ಮರಗಾಲ, ನನ್ನದು ತಿ. ನರಸೀಪುರ. ನಾವಿಬ್ಬರೂ ನಂಜನಗೂಡಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆವು. ಊಟಿ ರಸ್ತೆಯಲ್ಲಿ ಅವರದೊಂದು ವೆಲ್ಡಿಂಗ್ ಅಂಗಡಿ. ಕಿಟಕಿ ಗ್ರಿಲ್ಲು, ಗೇಟು, ದನದ ಕೊಟ್ಟಿಗೆಗೆ ಕಬ್ಬಿಣದ ಚಾವಣಿ, ಮುರಿದ ಟ್ರೇಲರಿನ ರಿಪೇರಿ. ಬೈಕಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ "ಅದು ನಂದು, ಅಕಾ ಅದೂ ನಂದು" ಎಂದು ಗೇಟುಗಳನ್ನು ತೋರಿಸುತ್ತಿದ್ದರು. ಊರೆಲ್ಲ ನಮ್ಮದೇ ಆಸ್ತಿ ಎಂದು ನಾನು ನಗುತ್ತಿದ್ದೆ.

ಅವತ್ತು ಸಂಜೆ ಅವರು ಹಿತ್ತಲ ನಲ್ಲಿಯಲ್ಲಿ ಕಣ್ಣಿಗೆ ತಣ್ಣೀರು ಎರಚಿಕೊಳ್ಳುತ್ತಿದ್ದಾಗ ವಿಷಯ ಹೇಳಿದೆ. ಟವೆಲಿನಲ್ಲಿ ಮುಖ ಮುಚ್ಚಿಕೊಂಡೇ ಅವರು, "ಒಳ್ಳೇದೇ ಆಯ್ತಲ್ಲ. ಓಗು. ಒಪ್ಕೊ" ಎಂದರು.

"ನೀವು?"

"ಶನಿವಾರ ಶನಿವಾರ ಬಸ್ಸಿಗೆ ಬತ್ತೀನಿ."

"ನೆಂಟರ ತರ ಬಂದು ಊಟ ಮಾಡ್ಕೊಂಡು ಹೋಗ್ತೀರಾ? ನೀವು ಬರೋದಾದ್ರೆ ಹೋಗೋದು, ಇಲ್ದಿದ್ರೆ ಬೇಡ."

ಅವರು ಟವೆಲು ಸರಿಸಿ ನನ್ನನ್ನು ನೋಡಿದರು. ಬೆಂಕಿಯ ಬೆಳಕು ನೋಡಿ ನೋಡಿ ಕೆಂಪಾಗಿದ್ದ ಕಣ್ಣುಗಳು. "ಅಲ್ಲೋಗಿ ನಾನು ಯಾರ ಮನೆ ಗೇಟು ಮಾಡ್ಲಿ ಕಣಮ್ಮಿ?" ಎಂದರು. ನಾನು ಅವರ ಕೈಯಿಂದ ಒದ್ದೆ ಟವೆಲು ತೆಗೆದುಕೊಂಡು ಹಗ್ಗದ ಮೇಲೆ ಹರವಿದೆ.

ಸುದ್ದಿ ಹೇಗೋ ಬೀದಿಗೆ ಬಿತ್ತು. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತ, "ನಿಮ್ಗೇನಮ್ಮ, ಮಕ್ಳಾ ಮರಿಯಾ, ಬ್ಯಾಗ್ ಎತ್ಕೊಂಡ್ರೆ ಆಯ್ತು" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಎಲ್ಲೆಲ್ಲಿಂದಲೋ ದಂಪತಿಗಳು ಮಗು ಬೇಡಿಕೊಂಡು ಹೆಮ್ಮರಗಾಲದ ದೇವಸ್ಥಾನಕ್ಕೆ ಬರುತ್ತಾರೆ. ಆ ಊರಿಗೇ ಸೊಸೆಯಾಗಿ ಬಂದ ನನಗೆ ಮಕ್ಕಳಾಗಲಿಲ್ಲ. ಆ ನೋವಿಗೆ ವಯಸ್ಸಾಗಿತ್ತು. ನಾವಿಬ್ಬರೂ ಅದರ ಜೊತೆ ಬದುಕಲು ಕಲಿತಿದ್ದೆವು. ಆದರೂ ಅವಳ ಮಾತು ಕೇಳಿದ ಮೇಲೆ ಅನ್ನಿಸಿತು: ಮಕ್ಕಳಿಲ್ಲದವರಿಗೆ ಬೇರೂ ಇರುವುದಿಲ್ಲ ಎಂದು ಜನ ಯಾಕೆ ತಿಳಿಯುತ್ತಾರೆ?

ಆ ಭಾನುವಾರ ನರಸೀಪುರಕ್ಕೆ ಹೋದೆವು. ಅಪ್ಪ ಅಳಿಯನನ್ನು ಕರೆದುಕೊಂಡು ಸಂಗಮದ ಕಡೆ ನಡೆದರು. ನಾನು ಹಿಂದೆ ಹಿಂದೆ ಹೋದೆ. ಕಪಿಲೆ ಕಾವೇರಿಗೆ ಸೇರುವ ಆ ಜಾಗದಲ್ಲೇ ನಾನು ಬೆಳೆದದ್ದು. ಮದುವೆಯಾಗಿ ನಂಜನಗೂಡಿಗೆ ಬಂದ ಹೊಸದರಲ್ಲಿ, ಅಲ್ಲಿನ ಸೋಪಾನಕಟ್ಟೆಯ ಮೆಟ್ಟಿಲುಗಳ ಮುಂದೆ ಹಾದುಹೋದ ಕಪಿಲೆಯ ನೀರು ನನ್ನ ತವರಿಗೇ ಹೋಗುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡವಳು ನಾನು. ನೀರು ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಬರುವುದಿಲ್ಲ. ಹೊಳೆಯ ವಿಷಯದಲ್ಲಿ ನನಗೆ ಖಚಿತವಾಗಿ ಗೊತ್ತಿದ್ದ ಸಂಗತಿ ಅದೊಂದೇ.

ಅಪ್ಪ ಕಲ್ಲಿನ ಮೇಲೆ ಕೂತು ಕೇಳಿದರು: "ನಮ್ ಮಗಳಿಗೆ ದೊಡ್ಡ ಕೆಲ್ಸ ಬಂದದೆ, ಸಂತೋಸ. ನಿಮ್ಮ ಅಂಗಡಿ ಕತೆ ಏನು ಅಳಿಯಂದ್ರೇ?"

"ಅದ್ನೇ ಯೋಚ್ನೆ ಮಾಡ್ತಾ ಇವ್ನಿ ಮಾವ."

"ಇಲ್ಲಿ ಕುಂತ್ಕಂಡು ಯೋಚ್ನೆ ಮಾಡುದ್ರೆ ಏನು ಗೊತ್ತಾದದು? ಎಣ್ಣು ನೋಡ್ದೆ ಮದ್ವೆ ಮಾಡ್ಕಂಡರಾ? ಇಬ್ರೂ ಓಗಿ ನೋಡ್ಕಂಡು ಬನ್ನಿ. ಆಮೇಲೆ ಓಗದೋ ಬುಡದೋ ಏಳಿ."

ಹಾಗೆ ನಾವು ಊರು ನೋಡಲು ಹೊರಟೆವು. ಯುಗಾದಿ ಮುಗಿದು ಬಿಸಿಲು ಏರುತ್ತಿದ್ದ ಕಾಲ. ಬಸ್ಸು ಮಡಿಕೇರಿ ದಾಟಿ ಘಟ್ಟ ಇಳಿಯುವಾಗ ಅವರು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು. ಕೆಳಗಿಳಿದಂತೆ ಗಾಳಿ ಒದ್ದೆಯಾಯಿತು. ಸೀರೆ ಮೈಗೆ ಅಂಟಿಕೊಂಡಿತು. ಈ ಊರಿನಲ್ಲಿ ಬಟ್ಟೆ ಒಣಗುವುದು ಹೇಗೆ ಎಂಬುದು ಮಂಗಳೂರಿನ ಬಗ್ಗೆ ನನಗೆ ಹುಟ್ಟಿದ ಮೊದಲ ಪ್ರಶ್ನೆ.

ಲ್ಯಾಬು ಚೆನ್ನಾಗಿತ್ತು. ಹೊಸ ಮೇಜುಗಳು, ಇನ್ನೂ ಪ್ಲಾಸ್ಟಿಕ್ ತೆಗೆಯದ ಯಂತ್ರಗಳು. ಮಾರನೆಯ ದಿನ ಸಮುದ್ರ ನೋಡಿಬಿಡೋಣ ಎಂದು ತಣ್ಣೀರುಬಾವಿಗೆ ಹೊರಟೆವು. ಅದಕ್ಕೆ ಹೊಳೆ ದಾಟಬೇಕು. ದೋಣಿಗೆ ಕಾಯುತ್ತ ಕಟ್ಟೆಯ ಮೇಲೆ ನಿಂತಿದ್ದಾಗ ನೀರಿನಲ್ಲಿ ಒಂದು ತೆಂಗಿನ ಸಿಪ್ಪೆ ತೇಲುತ್ತಿತ್ತು. ಅದನ್ನೇ ನೋಡುತ್ತಿದ್ದೆ. ಅದು ಸಮುದ್ರದ ಕಡೆಯಿಂದ ಬಂದು, ನಮ್ಮ ಮುಂದೆ ಹಾದು, ಬೆಟ್ಟಗಳಿದ್ದ ಕಡೆಗೆ ಸಾಗುತ್ತಿತ್ತು. ಅದರ ಹಿಂದೆ ಒಂದು ಚಪ್ಪಲಿ, ಕಸಕಡ್ಡಿ, ಎಲ್ಲವೂ ಅದೇ ಕಡೆಗೆ.

"ರೀ, ಹೊಳೆ ಮೇಲಕ್ಕೆ ಹೋಗ್ತಿದೆ!" ಎಂದು ಅವರ ತೋಳು ಹಿಡಿದುಕೊಂಡೆ. ಅವರು ನನಗೆ ಬಿಸಿಲು ಹೊಡೆದಿದೆ ಎಂದುಕೊಂಡರು. ಆಮೇಲೆ ನೋಡಿದರು. ಬಾಯಿ ತೆರೆದವರು ಮುಚ್ಚಲಿಲ್ಲ.

ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ನಮ್ಮನ್ನು ನೋಡಿ ನಕ್ಕಳು. "ಉಬ್ಬರ ಅಲ್ವಾ ಅಮ್ಮ. ಸಮುದ್ರ ಒಳಗೆ ಬರುದು. ಮತ್ತೆ ವಾಪಸ್ ಹೋಗ್ತದೆ. ದಿನಾ ಉಂಟು."

ಪುಸ್ತಕದಲ್ಲಿ ಉಬ್ಬರ ಇಳಿತ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ನರಸೀಪುರದ ಹೊಳೆ ನೋಡಿ ಬೆಳೆದ ಕಣ್ಣಿಗೆ ಅದನ್ನು ಯಾರೂ ಹೇಳಿರಲಿಲ್ಲ. ದಿನಾ ಉಂಟು ಎಂದಳಲ್ಲ ಆಕೆ, ಅಷ್ಟು ಸಲೀಸಾಗಿ! ನನಗೆ ಮೈಮೇಲೆ ಕೂದಲು ಎದ್ದು ನಿಂತಿತ್ತು. ಆಮೇಲೆ ಸಮುದ್ರವನ್ನೂ ಕಂಡೆ. ದೊಡ್ಡದು ಎನ್ನುವ ಮಾತನ್ನು ಅಲ್ಲಿಯವರೆಗೆ ಆಚೆ ದಡ ಇರುವುದಕ್ಕೆ ಮಾತ್ರ ಬಳಸುತ್ತಿದ್ದೆ ಎಂದು ಅಲ್ಲಿ ನಿಂತಾಗ ತಿಳಿಯಿತು. ಕಾಲಡಿಯ ಮರಳು ಜಾರುತ್ತಿತ್ತು. ನಾನು ಅವರ ಕೈ ಬಿಡಲಿಲ್ಲ.

ಆದರೆ ಅವರ ಗಮನ ಅಲ್ಲಿರಲಿಲ್ಲ. ಹೊಳೆ ದಾಟುವಾಗಲೇ ದಡದ ಮೇಲೆ ಏನನ್ನೋ ಕಂಡಿದ್ದರು. ವಾಪಸು ಬರುವಾಗ ದೋಣಿಯಿಂದ ಇಳಿದವರೇ ಸರಸರ ಆ ಕಡೆಗೆ ನಡೆದರು. ಅದು ದೋಣಿ ಕಟ್ಟುವ ಯಾರ್ಡು. ಮೀನು ಹಿಡಿಯುವ ದೊಡ್ಡದೊಂದು ಕಬ್ಬಿಣದ ಬೋಟು ನೆಲದ ಮೇಲೆ, ಮರದ ದಿಮ್ಮಿಗಳ ಆಧಾರದಲ್ಲಿ ನಿಂತಿತ್ತು. ನಮ್ಮ ಮನೆಗಿಂತ ಎತ್ತರ. ಅದರ ಹೊಟ್ಟೆಯ ಕೆಳಗೆ ಮಲಗಿಕೊಂಡು ಇಬ್ಬರು ವೆಲ್ಡಿಂಗ್ ಮಾಡುತ್ತಿದ್ದರು. ಕಿಡಿಗಳು ಮಳೆಯಂತೆ ಸುರಿಯುತ್ತಿದ್ದವು.

ನನ್ನ ಗಂಡ ಅಂಗೈಯನ್ನು ಆ ತಗಡಿನ ಮೇಲಿಟ್ಟರು. ಎತ್ತಿನ ಬೆನ್ನು ಸವರುವ ಹಾಗೆ ಸವರಿದರು. "ನೋಡಿಲ್ಲಿ. ಇಷ್ಟು ದಿನ ನಾನು ನೆಟ್ಟಗಿರದ್ನ ನೆಟ್ಟಗಿರದ್ಕೆ ಸೇರುಸ್ತಿದ್ದೆ. ಇವ್ರು ಕಬ್ಬಿಣನ ಬಾಳೆ ಎಲೆ ತರ ಬಾಗ್ಸವ್ರೆ" ಎಂದರು. ಅವರ ದನಿ ದೇವಸ್ಥಾನದೊಳಗೆ ಮಾತಾಡುವಷ್ಟು ಸಣ್ಣಗಾಗಿತ್ತು.

ಯಾರ್ಡಿನ ಮೇಸ್ತ್ರಿ ಬಂದರು. ಬನಿಯನ್ನು, ಲುಂಗಿ, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. "ಎಂತ ಬೇಕಿತ್ತು?"

"ನಾನೂ ಇದೇ ಕೆಲ್ಸದೋನು ಸಾ. ನಂಜನಗೂಡು. ಒಂದ್ಸಲ ಇಡಿದು ನೋಡ್ಲಾ?"

ಮೇಸ್ತ್ರಿ ಅವರ ಕೈಯನ್ನು ನೋಡಿದರು, ಸುಟ್ಟ ಕಲೆಗಳನ್ನು ನೋಡಿರಬೇಕು. ಹಳೆಯ ತಗಡಿನ ಎರಡು ತುಂಡುಗಳನ್ನು ತಲೆಯ ಮಟ್ಟಕ್ಕೆ ಕಟ್ಟಿಸಿ, ಕೆಳಗಿನಿಂದ ಮೇಲಕ್ಕೆ ಬೆಸೆಯಲು ಹೇಳಿದರು. ನನ್ನ ಗಂಡ ಮುಖಕ್ಕೆ ಶೀಲ್ಡು ಹಿಡಿದು ಕೆಲಸಕ್ಕೆ ನಿಂತರು. ಊರಿನಲ್ಲಿ ಅವರ ಕೈಕೆಲಸಕ್ಕೆ ಹೆಸರಿದೆ, ಈ ಮೇಸ್ತ್ರಿ ಬೆರಗಾಗುತ್ತಾರೆ ಎಂದು ನಾನು ಹೆಮ್ಮೆಯಿಂದ ಕಾಯುತ್ತಿದ್ದೆ.

ಮೇಸ್ತ್ರಿ ಬೆಸುಗೆಯನ್ನು ಸುತ್ತಿಗೆಯಿಂದ ತಟ್ಟಿದರು, ಉಜ್ಜಿದರು, ಕಣ್ಣು ಹತ್ತಿರ ತಂದು ನೋಡಿದರು. ಆಮೇಲೆ ಗ್ರೈಂಡರ್ ತೆಗೆದುಕೊಂಡು ಅಷ್ಟನ್ನೂ ಉಜ್ಜಿಹಾಕಿದರು. "ಗೇಟಿಗೆ ಧಾರಾಳ ಆಯ್ತು. ಸಮುದ್ರಕ್ಕೆ ಆಗುದಿಲ್ಲ ಮಾರಾಯ್ರೆ. ಒಳಗೆ ಕೂದಲಷ್ಟು ತೂತು ಉಳಿದರೂ ನೀರು ಹುಡುಕಿಕೊಂಡು ಬರ್ತದೆ."

ನನಗೆ ಕಣ್ಣಲ್ಲಿ ನೀರು ಬಂತು. ಅವರ ಕಡೆ ನೋಡಿದೆ. ಅವಮಾನವಾಗಿದೆ ಎಂದುಕೊಂಡಿದ್ದೆ. ಅವರು ಶೀಲ್ಡು ತೆಗೆದು ನಗುತ್ತಿದ್ದರು; ಹೊಸ ಊರಿನ ದಾರಿ ಕೇಳುವವರ ಹಾಗೆ ಕಣ್ಣರಳಿಸಿಕೊಂಡು, "ಅಂಗಾರೆ ಎಂಗೆ ಮಾಡ್ಬೇಕು ಸಾ?" ಎಂದು ಕೇಳಿದರು.

ಮೇಸ್ತ್ರಿ ಬಹಳ ಹೊತ್ತು ತೋರಿಸಿಕೊಟ್ಟರು. ನಾನು ನೆರಳಿನಲ್ಲಿ ಕೂತು ಇಬ್ಬರನ್ನೂ ನೋಡುತ್ತಿದ್ದೆ. ಹೊರಡುವಾಗ ಮೇಸ್ತ್ರಿ, "ನಾಳೆ ಬೆಳಿಗ್ಗೆ ಒಂದು ಬೋಟು ಇಳಿಸುದು ಉಂಟು. ಬನ್ನಿ" ಎಂದರು.

ಹೋದೆವು. ಯಾರ್ಡಿನ ಇನ್ನೊಂದು ಮೂಲೆಯಲ್ಲಿ ಬಣ್ಣ ಬಳಿದು, ಹೂವಿನ ಹಾರ ಹಾಕಿ ನಿಲ್ಲಿಸಿದ್ದ ಬೋಟು. ಅದರ ಹೊಟ್ಟೆಯಡಿ ಗಾಳಿ ತುಂಬಿದ ಉದ್ದನೆಯ ರಬ್ಬರ್ ದಿಂಬುಗಳನ್ನು ಇಟ್ಟಿದ್ದರು. ನೀರು ಏರುವುದನ್ನೇ ಎಲ್ಲರೂ ಕಾಯುತ್ತಿದ್ದರು. ತೆಂಗಿನಕಾಯಿ ಒಡೆದರು. ಯಾರೋ ಕೂಗಿದರು. ಹಿಂದಕ್ಕೆ ಹಿಡಿದಿದ್ದ ಹಗ್ಗ ಸಡಿಲವಾಯಿತು. ಅಷ್ಟು ಭಾರದ ಕಬ್ಬಿಣ ಮೊದಲು ಅಲುಗಾಡಲಿಲ್ಲ. ಆಮೇಲೆ ನಿದ್ದೆಯಿಂದ ಎದ್ದ ಆನೆಯಂತೆ ಒಮ್ಮೆ ಮೈ ಕೊಡವಿ, ಮೆಲ್ಲಗೆ, ಮತ್ತೆ ಜೋರಾಗಿ, ನೀರಿಗೆ ನುಗ್ಗಿತು. ಹೊಳೆ ಎದ್ದು ದಡಕ್ಕೆ ಬಡಿಯಿತು. ನಮ್ಮ ಕಾಲು, ಬಟ್ಟೆ ಎಲ್ಲ ನೆನೆಯಿತು. ಬೋಟು ಒಂದು ಕಡೆ ವಾಲಿತು. ಅದು ಇನ್ನೊಂದು ಕಡೆಗೆ ವಾಲಿ, ನೆಟ್ಟಗಾಗಿ, ನಿಂತಿತು. ತೇಲಿತು.

ಪಕ್ಕದಲ್ಲಿ ನನ್ನ ಗಂಡ ಅಳುತ್ತಿದ್ದರು. ಒರೆಸಿಕೊಳ್ಳುವುದನ್ನೂ ಮರೆತು ನೋಡುತ್ತಿದ್ದರು. ಅವರನ್ನು ಹಾಗೆ ನಾನು ಯಾವತ್ತೂ ಕಂಡಿರಲಿಲ್ಲ. ಒಟ್ಟಿಗೆ ಉಂಡು ಮಲಗಿ ಎದ್ದ ಮನುಷ್ಯನೊಳಗೆ ನಾನು ಕಾಣದ ಇಷ್ಟು ದೊಡ್ಡ ಜಾಗ ಇತ್ತೇ ಎಂದು ಬೋಟನ್ನು ಬಿಟ್ಟು ಅವರನ್ನೇ ನೋಡಿದೆ.

ಬೋಟು ಇಳಿದ ದಿನವೇ ಮೇಸ್ತ್ರಿ, "ಕಲಿಯುದಾದ್ರೆ ಬನ್ನಿ, ಜಾಗ ಉಂಟು" ಎಂದಿದ್ದರು. ಊರಿಗೆ ಬಂದ ಮೇಲೆ ಎಲ್ಲ ತಿರುಗುಮುರುಗಾಯಿತು. ಕೆಲಸ ಬಂದದ್ದು ನನಗೆ, ಹೋಗಬೇಕೆಂಬ ಆಸೆ ಬಂದದ್ದು ಅವರಿಗೆ, ಹೆದರಿಕೆ ಬಂದದ್ದು ಮತ್ತೆ ನನಗೆ. ನಡು ವಯಸ್ಸಿನಲ್ಲಿ ತನ್ನ ಅಂಗಡಿ ಬಿಟ್ಟು, ಇನ್ನೊಬ್ಬರ ಕೈಕೆಳಗೆ, ಬೋಟಿನ ಹೊಟ್ಟೆಯಡಿ ಅಂಗಾತ ಮಲಗಿ ಕೆಲಸ ಕಲಿಯುವುದು! ಬೆನ್ನು ತಡೆಯುತ್ತದೆಯೇ? ಕೆಲಸ ಕೈಗೆ ಹತ್ತದಿದ್ದರೆ? ಅದನ್ನು ಕಪಿಲೆಯ ಮೆಟ್ಟಿಲ ಮೇಲೆ ಕೂತು ಕೇಳಿಯೇಬಿಟ್ಟೆ.

ಅವರು ನೀರು ನೋಡುತ್ತ ಹೇಳಿದರು: "ನಂಗೂ ನಾಚ್ಕೆ ಆಯ್ತದೆ. ಅಲ್ಲಿರವ್ರೆಲ್ಲ ನನಗಿಂತ ಚಿಕ್ಕೋರು. ಆದ್ರೆ ಆಸೆ ನಾಚ್ಕೆಗಿಂತ ಜಾಸ್ತಿ ಅದೆ ಕಣಮ್ಮಿ. ನೀನು ಬ್ಯಾಡ ಅಂದ್ರೆ ಬುಟ್ಬುಡ್ತೀನಿ. ಬೇಜಾರಿಲ್ಲ."

ಬೇಜಾರಿಲ್ಲ ಎಂದ ದನಿಯಲ್ಲಿ ನಿಜವಾಗಿಯೂ ಬೇಜಾರಿರಲಿಲ್ಲ. ಅದಕ್ಕೇ ನನಗೆ ಬೇಡ ಎನ್ನಲು ಆಗಲಿಲ್ಲ. "ಹೋಗೋಣ" ಎಂದೆ. ಮಾರನೆಯ ದಿನ ಮ್ಯಾನೇಜರಿಗೆ ತಿಳಿಸಿದೆ.

ಹೆಮ್ಮರಗಾಲಕ್ಕೆ ಹೇಳಲು ಹೋದಾಗ ಅತ್ತೆ ಭಾವನ ಮನೆಯ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಸೊಸೆಯ ಕೆಲಸಕ್ಕಾಗಿ ಮಗ ಊರು ಬಿಡುವುದನ್ನು ಏನೆನ್ನುತ್ತಾರೋ ಎಂದು ನನಗೆ ಅಳುಕಿತ್ತು. ಅವರು ಹಿಡಿದದ್ದು ಬೇರೆಯದನ್ನೇ.

"ಕಬ್ಣದ ದೋಣಿನಾ? ಮುಳುಗಾಕಿಲ್ವಾ?"

"ಇಲ್ಲ ಕಣವ್ವ."

"ಸುಳ್ಳೇಳ್ಬ್ಯಾಡ. ಒಂದು ಮೊಳೆ ಆಕುದ್ರೆ ಮುಳುಗ್ತದೆ, ದೋಣಿ ತೇಲದಾ?"

ನನ್ನ ಗಂಡ ಎದ್ದು ಹೋಗಿ ಅಡುಗೆಮನೆಯಿಂದ ಕಬ್ಬಿಣದ ಬಾಣಲೆ ತಂದು ದನಗಳ ನೀರಿನ ತೊಟ್ಟಿಯಲ್ಲಿ ಮೆಲ್ಲಗೆ ಬಿಟ್ಟರು. ಬಾಣಲೆ ತೇಲಿತು. ಅತ್ತೆ ಹುಣಸೆಹಣ್ಣಿನ ಮೊರ ಪಕ್ಕಕ್ಕಿಟ್ಟು ಬಂದು ನೋಡಿದರು. ಬೆರಳಿನಿಂದ ಅದನ್ನು ಒಮ್ಮೆ ತಳ್ಳಿದರು. ಇಷ್ಟು ವರ್ಷ ಒಲೆಯ ಮೇಲಿಟ್ಟ ಬಾಣಲೆ ತೊಟ್ಟಿಯ ಆ ತುದಿಗೆ ತೇಲಿಹೋಗಿ ನಿಂತಿತು. "ಶಿವನೇ" ಎಂದರು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ, "ಓಗಿ ಕಣವ್ವ. ಜೊತ್ಗೇ ಓಗಿ. ಒಬ್ಬರ್ನ ಬುಟ್ಟು ಒಬ್ರು ಇರ್ಬ್ಯಾಡಿ" ಎಂದು ನನ್ನ ತಲೆ ಸವರಿದರು.

ಅಂಗಡಿಯನ್ನು ಅವರ ಚಿಕ್ಕಪ್ಪನ ಮಗ ನೋಡಿಕೊಳ್ಳುವುದೆಂದಾಯಿತು. ಮಳೆಗಾಲ ಹಿಡಿಯುವ ಮುಂಚೆ ನಾವು ಮಂಗಳೂರಿಗೆ ಬಂದೆವು. ಇಲ್ಲಿ ಹೆಂಚಿನ ಮನೆಯೊಂದು ಸಿಕ್ಕಿತು, ಹಿಂದೆ ಹಲಸಿನ ಮರ. ನಾನು ಲ್ಯಾಬಿಗೆ ಸೇರಿದ ವಾರದಲ್ಲೇ ಅವರೂ ಯಾರ್ಡಿಗೆ ಸೇರಿದರು.

ಅವರ ಮೊದಲ ದಿನದ ಬೆಳಿಗ್ಗೆ ಜಿಟಿಜಿಟಿ ಮಳೆ. ನಾನು ಡಬ್ಬಿಗೆ ಚಿತ್ರಾನ್ನ ತುಂಬಿ ಕೊಟ್ಟೆ. ಹೊಸ ನೀಲಿ ಅಂಗಿ ತೊಟ್ಟು, ಕನ್ನಡಿಯ ಮುಂದೆ ಎರಡೆರಡು ಸಲ ತಲೆ ಬಾಚಿಕೊಂಡರು. "ಎಂಗಿವ್ನಿ?" ಎಂದು ಕೇಳಿದರು. ಚೆನ್ನಾಗಿದ್ದೀರಿ ಎಂದೆ. ಗೇಟಿನವರೆಗೆ ಹೋಗಿ ನಿಂತೆ. ರಸ್ತೆಯ ತಿರುವಿನಲ್ಲಿ ಯಾರ್ಡಿಗೆ ಹೋಗುವ ಹುಡುಗರ ಗುಂಪೊಂದು ಅವರಿಗೆ ಸಿಕ್ಕಿತು. ಅವರಲ್ಲಿ ಒಬ್ಬ ಏನೋ ತುಳುವಿನಲ್ಲಿ ಕೇಳಿದ. ನನ್ನ ಗಂಡನಿಗೆ ಅರ್ಥವಾಗಲಿಲ್ಲವೆಂದು ಗೇಟಿನಿಂದಲೇ ನನಗೆ ಗೊತ್ತಾಯಿತು. ಆದರೂ ಜೋರಾಗಿ ತಲೆಯಾಡಿಸಿ, ಅವನ ಕೊಡೆಯೊಳಗೆ ಹೊಕ್ಕು, ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದುಹೋದರು.