ಕೈವಾರದ ಹೂವು

ಮಕ್ಕಳಿಗೆ ಹೂವಿನ ಚಿತ್ರ ಕಲಿಸುವುದು ನನ್ನ ತಂಗಿಗೆ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಇಷ್ಟನ್ನು ಒಪ್ಪಿಕೊಳ್ಳಲು ನನಗೆ ಇಡೀ ಆಯುಷ್ಯ ಹಿಡಿಯಿತು. ಈಗ ಒಪ್ಪಿಕೊಂಡರೆ ಕೇಳಲು ಅವಳಿಲ್ಲ.

ಅರವತ್ತರ ದಶಕದ ಕೊನೆಯ ಮಾತು. ಧಾರವಾಡದ ಕಡೆ ಮ್ಯಾಟ್ರಿಕ್ ಮುಗಿಸಿ ಬಂದ ನಾನು ನಾಸಿಕ್ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ಟ್ರೇಸರ್ ಆಗಿದ್ದೆ. ಬೇರೆಯವರು ಪೆನ್ಸಿಲಿನಲ್ಲಿ ಬರೆದ ನಕಾಶೆಯ ಮೇಲೆ ತೆಳು ಬಟ್ಟೆ ಹಾಸಿ, ಅವರ ಗೆರೆಯ ಮೇಲೆಯೇ ಶಾಯಿಯ ಗೆರೆ ಎಳೆಯುವ ಕೆಲಸ. ನನ್ನದು ಅನ್ನುವ ಒಂದು ಗೆರೆಯನ್ನೂ ಆ ಕೋಣೆಯಲ್ಲಿ ನಾನು ಎಳೆಯಲಿಲ್ಲ. ಆದರೂ ಡ್ರಾಯಿಂಗ್ ಆಫೀಸಿನವನು ಎಂಬ ಜಂಬಕ್ಕೆ ಕೊರತೆ ಇರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ತಂಗಿ ನಮ್ಮ ಜೊತೆಗೆ ಬಂದಳು. ಏಳನೆಯ ಇಯತ್ತೆ ಓದಿದ್ದಳು. ನನ್ನ ಹೆಂಡತಿ ಎರಡನೆಯ ಬಾಣಂತನದಿಂದ ಇನ್ನೂ ಸರಿಯಾಗಿ ಚೇತರಿಸಿಕೊಂಡಿರಲಿಲ್ಲ. ನಳದ ನೀರು ತುಂಬುವುದು, ರೊಟ್ಟಿ ಬಡಿಯುವುದು, ಕೂಸಿನ ಬಟ್ಟೆ ಒಗೆಯುವುದು, ಎಲ್ಲ ತಂಗಿಯ ಕೈಗೆ ಬಂತು. ಸಂಜೆ ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ ಕಟ್ಟೆಯ ಮೇಲೆ ಕೂತು ನಮ್ಮ ನಾಲ್ಕು ವರ್ಷದ ಮಗಳಿಗೆ ಪಾಟಿಯ ಮೇಲೆ ಹೂವು ತೆಗೆಯುವುದನ್ನು ಕಲಿಸುತ್ತಿದ್ದಳು. ನೋಡನೋಡುತ್ತ ನಮ್ಮ ಇಡೀ ಮನೆಸಾಲಿನ ಮಕ್ಕಳು ಪಾಟಿ ಹಿಡಿದು ಬರತೊಡಗಿದರು.

ಮೊದಲು ನಡುವೆ ಒಂದು ಚುಕ್ಕಿ. ಸುತ್ತಲೂ ಕೈ ಹೋದಲ್ಲಿ ಐದೋ ಆರೋ ಚುಕ್ಕಿ.

"ನಡುವಿನಾಕಿ ಅವ್ವ. ಸುತ್ತ ಅಕಿ ಮಕ್ಕಳು ಮಲಗ್ಯಾವ. ಥಂಡಿ ಬಾಳ ಅದ. ಒಬ್ಬೊಬ್ಬರಿಗೂ ಚಾದರ ಹೊಚ್ಚರಿ ನೋಡೋಣು."

ಮಕ್ಕಳು ಅವ್ವನಿಂದ ಗೆರೆ ಹೊರಡಿಸಿ, ಒಂದು ಚುಕ್ಕಿಯನ್ನು ಸುತ್ತಿ, ಮತ್ತೆ ಅವ್ವನಿಗೇ ತಂದು ಮುಟ್ಟಿಸುತ್ತಿದ್ದರು. ಎಲ್ಲರಿಗೂ ಚಾದರ ಹೊಚ್ಚಿ ಮುಗಿದರೆ ಪಾಟಿಯ ಮೇಲೆ ಹೂವು. ಮರಾಠಿ ಮಕ್ಕಳಿಗೆ "ಪಾಂಘರೂಣ್ ಘಾಲಾ, ಪಾಂಘರೂಣ್ ಘಾಲಾ" ಎಂದು ತನ್ನ ಹರಕು ಮರಾಠಿಯಲ್ಲಿ ಅದೇ ಚಾದರ.

"ಅತ್ತೀ, ಇವನ ಕಾಲು ಹೊರಗ ಬಂದಾವ!" ಎಂದು ನನ್ನ ಮಗಳು ಕೂಗುತ್ತಿದ್ದಳು.

"ಇರಲಿ ಬಿಡ. ಅವಗ ಸೆಕಿ ಆಗಿರಬೇಕು."

ಯಾವ ಹೂವಿನ ಎಸಳೂ ಇನ್ನೊಂದರ ಹಾಗೆ ಇರುತ್ತಿರಲಿಲ್ಲ. ಆದರೆ ಅಳುತ್ತ ಮನೆಗೆ ಹೋದ ಒಂದು ಮಗುವನ್ನೂ ನಾನು ನೋಡಲಿಲ್ಲ.

ಉಡುಪಿ ಕಡೆಯ ಸಹೋದ್ಯೋಗಿಯೊಬ್ಬರು ಒಂದು ಸಂಜೆ ನಮ್ಮ ಕಟ್ಟೆಯ ಗದ್ದಲ ನೋಡಿ ನಕ್ಕರು. "ಎಂತ ಮಾರಾಯ್ರೆ, ಡ್ರಾಯಿಂಗ್ ಆಫೀಸು ನಿಮ್ಮ ಮನೆಗೇ ಬಂದಿದೆಯಲ್ಲ! ಇನ್ನು ನೀವು ತಂಗಿ ಬರೆದದ್ದನ್ನು ಟ್ರೇಸ್ ಮಾಡುವುದಾ?"

ನಾನೂ ನಕ್ಕೆ. ಮರುದಿನ ಅವರ ಜೊತೆ ಬುತ್ತಿ ಉಣ್ಣಲು ಕೂರಲಿಲ್ಲ.

ಆಗ ನಾವು ಔರಂಗಾಬಾದ್ ಎನ್ನುತ್ತಿದ್ದ, ಈಗಿನ ಛತ್ರಪತಿ ಸಂಭಾಜಿನಗರದಲ್ಲಿ ನಮ್ಮ ಸೋದರಮಾವ ಇದ್ದ. ಅವನ ಓಣಿಯಲ್ಲಿ ಹೊಸದೊಂದು ಬಾಲವಾಡಿ ತೆರೆದಿತ್ತು. ಕಲಿಸಲು ಒಬ್ಬ ಹೆಣ್ಣುಮಗಳು ಬೇಕಾಗಿದ್ದಳು. ಏಳನೆಯ ಇಯತ್ತೆ ಸಾಕು, ಮಕ್ಕಳ ಮುಂದೆ ಹೂವಿನ ಚಿತ್ರದ ಒಂದು ಪಾಠ ಮಾಡಿ ತೋರಿಸಬೇಕು, ಉಳಿಯಲು ತನ್ನ ಮನೆ ಇದೆ ಎಂದು ಮಾವ ಹೇಳಿಕಳಿಸಿದ. ತಂಗಿ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಹೊರಗೆ ಓಡಿ ಬಂದಳು.

"ಅಣ್ಣಾ, ಇದು ನನಗ ಬರ್ತದ. ಇದೊಂದು ನನಗ ಬರ್ತದ."

ಹೆಂಡತಿಯ ಕಷ್ಟ ನೋಡಿ ಆ ಕೆಲಸ ತಪ್ಪಿಸಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹೆಂಡತಿ ಅವತ್ತೇ, "ಹೋಗಲಿ ಬಿಡ್ರಿ, ನಾ ಹ್ಯಾಂಗರ ನಿಭಾಯಿಸ್ತೀನಿ. ಅಕಿಗೂ ಒಂದು ಬಾಳು ಅದ" ಎಂದಿದ್ದಳು. ಬಿಸಿ ರೊಟ್ಟಿ, ಇಸ್ತ್ರಿ ಮಾಡಿದ ಅಂಗಿ ಬೇಕಾಗಿದ್ದು ನನಗೆ. ಏಳನೆಯ ಇಯತ್ತೆಯ ತಂಗಿಯನ್ನು ಊರು ಡ್ರಾಯಿಂಗ್ ಬಾಯಿ, ಅಂದರೆ ಡ್ರಾಯಿಂಗ್ ಟೀಚರಮ್ಮ, ಎಂದು ಕರೆಯುವುದು ಬೇಡವಾಗಿದ್ದೂ ನನಗೇ.

ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಅವಳು ಜಗಳವಾದರೂ ಆಡುತ್ತಿದ್ದಳು. "ಅಲ್ಲಿ ಕಲಿತವರು ಕೂತಿರ್ತಾರ. ಈ ಚುಕ್ಕಿ-ಚಾದರ ನಡ್ಯಾಂಗಿಲ್ಲ. ಶಾಸ್ತ್ರೀಯ ಹೂವು ಕಲಿಸಬೇಕು" ಎಂದು ನನ್ನ ಕೈವಾರ ತೆಗೆದೆ. ಒಂದು ವೃತ್ತ, ಅದೇ ಅಳತೆಯಲ್ಲಿ ಅಂಚಿನಿಂದ ಅಂಚಿಗೆ ಕಮಾನು, ಆರು ಎಸಳು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವಳು ಶ್ರದ್ಧೆಯಿಂದ ಕಲಿತಳು. ಕಲಿತದ್ದನ್ನು ನನ್ನ ಮಗಳ ಮೇಲೆ ಪ್ರಯೋಗ ಮಾಡಿದಳು. ಮಗುವಿನ ಕೈಯಲ್ಲಿ ಕೈವಾರ ನಿಲ್ಲಲಿಲ್ಲ, ಮೊನೆ ಜಾರಿತು, ಪಾಟಿ ಎಸೆದು ಅತ್ತು ಅವ್ವನ ಹತ್ತಿರ ಓಡಿತು. ತಂಗಿ ನನ್ನ ಮುಖ ನೋಡಿದಳು.

ಸಣ್ಣ ಮಕ್ಕಳಿಗೆ ಇದು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. "ಇಕಿ ಮೊಂಡ ಇದ್ದಾಳ. ಅಲ್ಲಿ ಹೀಂಗ ಮಾಡು, ಕೈವಾರದ ಬದಲಿ ಬಳಪಕ್ಕ ದಾರ ಕಟ್ಟಿ ಕಲಿಸು" ಎಂದು ನಾನು ಹೇಳಿದ್ದೂ ಅದೇ ಗಳಿಗೆಯಲ್ಲಿ. ದಾರದ ತುಂಡುಗಳನ್ನು ನನ್ನ ಕೈಯಾರೆ ಕತ್ತರಿಸಿ ಕೊಟ್ಟೆ.

ಹೆಂಡತಿಯ ಒಳ್ಳೆಯ ಸೀರೆ ಉಟ್ಟು ಅವಳು ನನ್ನ ಜೊತೆ ಎಸ್.ಟಿ. ಬಸ್ಸು ಹತ್ತಿದಳು. ಬಾಲವಾಡಿಯಲ್ಲಿ ಮಕ್ಕಳು ಚಾಪೆಯ ಮೇಲೆ ಕೂತಿದ್ದವು. ಅದನ್ನು ನಡೆಸುತ್ತಿದ್ದ ಹಿರಿಯ ಹೆಂಗಸು ಪಕ್ಕದ ಕುರ್ಚಿಯಲ್ಲಿದ್ದರು. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ.

ತಂಗಿ ಮಕ್ಕಳನ್ನೊಮ್ಮೆ ನೋಡಿದಳು. ಹಲಗೆಯ ನಡುವೆ ಒಂದು ಚುಕ್ಕಿ ಇಟ್ಟಳು. ಪಕ್ಕದಲ್ಲಿ ಇನ್ನೊಂದು. ಒಂದು ಮಗು ಆಗಲೇ ಮುಂದಕ್ಕೆ ಸರಿದು ಕೂತಿತ್ತು. ಕೈ ಹಾಗೇ ನಿಲ್ಲಿಸಿ ಅವಳು ಬಾಗಿಲ ಕಡೆ ತಿರುಗಿದಳು, ಒಂದು ಹೂಂ ಕೇಳುವವಳ ಹಾಗೆ. ನಾನು ಬೆರಳೆತ್ತಿ ಗಾಳಿಯಲ್ಲಿ ವೃತ್ತ ಬರೆದು ತೋರಿಸಿದೆ.

ಅವಳು ಅಂಗೈಯಿಂದ ಚುಕ್ಕಿಗಳನ್ನು ಒರೆಸಿದಳು.

ಆಮೇಲೆ ಆದದ್ದನ್ನು ಹೆಚ್ಚು ಹೇಳುವುದಿಲ್ಲ. ಕೆಲವು ಮಕ್ಕಳು ದಾರವನ್ನು ಬೆರಳಿಗೆ ಸುತ್ತಿಕೊಂಡವು, ಒಂದು ಬಾಯಿಗೆ ಹಾಕಿಕೊಂಡಿತು, ಇಬ್ಬರು ಒಂದೇ ದಾರಕ್ಕೆ ಜಗ್ಗಾಡಿದರು. ಹಲಗೆಯ ಮೇಲೆ ಆರು ಎಸಳು ಚೊಕ್ಕವಾಗಿ ನಿಂತಿದ್ದವು. ಪಾಟಿಗಳ ಮೇಲೆ ಏನೂ ಇರಲಿಲ್ಲ. ಹಿರಿಯ ಹೆಂಗಸು ಮಕ್ಕಳ ನಡುವೆ ಅಡ್ಡಾಡಿ ಬಂದು ಮೆತ್ತಗೆ ಕೇಳಿದರು: "ಬಾಯಿ, ಮುಲಾಂಚಂ ಫೂಲ್ ಕುಠೇ ಆಹೆ?" ಮಕ್ಕಳ ಹೂವು ಎಲ್ಲಿದೆ ಎಂದು. ತಂಗಿ ದಾರದ ತುಂಡುಗಳನ್ನು ಹೆಕ್ಕತೊಡಗಿದಳು. ಕೆಲಸ ಬೇರೆಯವರಿಗೆ ಹೋಯಿತು.

ಮರಳುವ ಬಸ್ಸು ವೈಜಾಪುರ ದಾಟಿತು. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ನನ್ನ ಚುಕ್ಕಿ ಹೂವು ಹಾಕಿದ್ರ ಆಗತಿತ್ತೇನೋ, ಅಣ್ಣಾ?"

ನಿಜ ಹೇಳಲು ದೇವರು ಕೊಟ್ಟ ಅವಕಾಶ ಅದು. ಹೌದು ಎಂದಿದ್ದರೆ ಸಾಕಿತ್ತು. ಇನ್ನೊಂದು ಬಾಲವಾಡಿ ಹುಡುಕಬಹುದಿತ್ತು.

"ಇಲ್ಲ. ನಿನ್ನ ಕೈ ನಡುಗತಿತ್ತು. ಯಾವ ಹೂವು ಹಾಕಿದ್ರೂ ಅಷ್ಟ."

ಅವಳ ಕೈ ನಡುಗಿರಲಿಲ್ಲ. ಬೆಂಚಿನಿಂದ ನಾನು ನೋಡುತ್ತಲೇ ಇದ್ದೆ. ಕೆಲಸ ತಪ್ಪಿಸಿದ್ದಕ್ಕಿಂತ ಈ ಮಾತು ದೊಡ್ಡ ಪಾಪ ಎಂದು ಈಗ ಅನ್ನಿಸುತ್ತದೆ, ಯಾಕೆಂದರೆ ಅವಳು ಅದನ್ನು ನಂಬಿದಳು. ಮುಂದೆ ಕಟ್ಟೆಗೆ ಬಂದ ಮಕ್ಕಳನ್ನು, "ನನ್ನ ಕೈ ಸರಿ ಇಲ್ಲ, ಹೋಗ್ರಿ" ಎಂದು ವಾಪಸು ಕಳಿಸುವಷ್ಟು ನಂಬಿದಳು.

"ಹೌದೇನ?" ಎಂದು ಬಸ್ಸಿನಲ್ಲಿ ತನ್ನೆರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು. ಸೀರೆಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು. ಅತ್ತಿಗೆಯ ಸೀರೆ ಎಂದು ಅದನ್ನು ಜೋಪಾನವಾಗಿ ಕೊಡವಿದಳು. ಯೇವಲಾ ಹತ್ತಿರ ಬಂದಾಗ ನನ್ನ ಕಡೆ ತಿರುಗಿದಳು.

"ನಾಳೆ ನಿನಗ ಡ್ಯೂಟಿ ಅದ ಅಲ್ಲಾ? ಬುತ್ತಿ ಎಷ್ಟ ಗಂಟೆಕ್ಕ ಕಟ್ಟಿ ಇಡಲಿ?"

"ಏಳಕ್ಕ" ಎಂದೆ.