ಹನ್ನೆರಡು ಪಾಸುಗಳ ಕಟ್ಟು

ಬಸವಕಲ್ಯಾಣದ ಬಸ್ಸಿನಲ್ಲಿ ಯಾರಾದರೂ ಕಂಡಕ್ಟರನ ಯಂತ್ರಕ್ಕೆ ಕಾರ್ಡು ಮುಟ್ಟಿಸಿದರೆ ‘ಟುಂಯ್’ ಎನ್ನುತ್ತದೆ. ಯಂತ್ರದ ತಪ್ಪೇನಿಲ್ಲ, ಆದರೂ ಆ ಸದ್ದಿಗೆ ನನಗೆ ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ ಹುಡಗಿ ಎಂಬ ಊರಿನ ನಮ್ಮ ತಗಡಿನ ಮನೆ, ಅವ್ವ, ಅವಳ ತಂಗಿ ನನ್ನ ಚಿಗವ್ವ, ಎಲ್ಲ ನೆನಪಾಗುತ್ತಾರೆ. ಮನೆಯಲ್ಲಿ ನಾವು ಮೂವರೇ. ಅವರಿಬ್ಬರೂ ಹುಮನಾಬಾದ್ ಹೊರಗಿನ ಒಂದು ಔಷಧ ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಬಂದವರ ಸೀರೆಯೆಲ್ಲ ಗುಳಿಗೆಯ ವಾಸನೆ. ಅಪ್ಪಿಕೊಂಡರೆ ನನ್ನ ತುಟಿಯೂ ಕಹಿಯಾಗುತ್ತಿತ್ತು. ಆ ಕಹಿ ನನಗೆ ಇಷ್ಟವಿತ್ತು.

ಆಗ ತಿಂಗಳ ಪಾಸು ಕಾಗದದ್ದು. ನಮ್ಮೂರಿಂದ ಆ ಕಾರ್ಖಾನೆಗೆ ಹೋಗುವ ಹೆಂಗಸರು ಹನ್ನೆರಡು ಮಂದಿ. ಎರಡು ಜಡೆ ಒಂದೆಡೆ ಕೂಡುವುದಿಲ್ಲ ಎನ್ನುವವರು ಅವರನ್ನು ನೋಡಿರಲಿಲ್ಲ. ಹನ್ನೆರಡೂ ಪಾಸು ಅವ್ವನ ಹತ್ತಿರವೇ ಇರುತ್ತಿದ್ದವು, ರಬ್ಬರ್ ಬ್ಯಾಂಡ್ ಹಾಕಿದ ಒಂದೇ ಕಟ್ಟು. ಸಂಜೆ ಕಾರ್ಖಾನೆಯ ಗೇಟಿನ ಮುಂದೆ ಬಸ್ಸು ನಿಂತರೆ ಅವ್ವ ಬಾಗಿಲ ಬಳಿ ನಿಂತು ಅವರವರ ಪಾಸು ಅವರವರ ಕೈಗೆ ಕೊಟ್ಟು ಹತ್ತಿಸುವಳು, ಕೊನೆಗೆ ತಾನು ಹತ್ತುವಳು. ರಜೆಯಲ್ಲಿ ಜೊತೆಗೆ ಹೋಗಿ ನಾನೇ ನೋಡಿದ್ದೇನೆ. ತನ್ನದಲ್ಲದ ಪಾಸು ಕೈಯಲ್ಲಿ ಉಳಿಯಿತೆಂದರೆ ಯಾರೋ ಬಂದಿಲ್ಲ.

“ಆತೇನ್ರಿ ಅಕ್ಕಾ? ಟೈಮ್ ಆಗ್ಯಾದ,” ಎಂದು ಕಂಡಕ್ಟರ್ ಸಿಡುಕಿದರೆ, “ಒಬ್ಬಾಕಿ ಬರೋದದ, ಜರಾ ನಿಂದರ್ರಿ,” ಎನ್ನುವಳು. ಅವನು ಗೊಣಗುತ್ತಲೇ ಕಾಯುತ್ತಿದ್ದ. ನಿಮ್ಮ ಮನೆಯಲ್ಲೂ ತಲೆ ಎಣಿಸಿಯೇ ಬಾಗಿಲು ಹಾಕುವವರು ಒಬ್ಬರು ಇದ್ದಿರಬೇಕು.

ಆಮೇಲೆ ದುಡ್ಡು ತುಂಬಿಸುವ ಕಾರ್ಡು ಬಂತು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಚಿಗವ್ವ. ಅವಳ ಹೆಸರಿನಲ್ಲಿ ಅಂಥ ಹೊಳೆಯುವ ವಸ್ತು ಮತ್ತೊಂದಿರಲಿಲ್ಲ. “ನಂದು ನನ್ನ ಕೈಯಾಗೇ ಇರ್ಲಿ ಅಕ್ಕಾ. ಇನ್ನ ನನಗ ಕುರಿ ಎಣಿಸಿದಂಗ ಎಣಿಸಬ್ಯಾಡ,” ಎಂದು ಅವ್ವನನ್ನು ಕಾಡಿದಳು. ಅವ್ವನೂ ನಕ್ಕಳು. ಕಾರ್ಡುಗಳೆಲ್ಲ ಅವರವರ ಕೈಯಲ್ಲೇ ಉಳಿದವು. ದಿನಾ ಬಾಗಿಲಲ್ಲಿ ನಿಲ್ಲುವ ಪಾಡು ತಪ್ಪಿತೆಂದು ಅವಳಿಗೂ ಹಗುರವಾಗಿತ್ತು.

ಎರಡು ತಿಂಗಳೂ ಆಗಿರಲಿಲ್ಲ. ಅವತ್ತು ಚೆಲ್ಲಿದ ಪುಡಿ ಬಳಿದು ಹೋಗೆಂದು ಮೇಸ್ತ್ರಿ ಚಿಗವ್ವನನ್ನು ನಿಲ್ಲಿಸಿಕೊಂಡಿದ್ದನಂತೆ. ಅವ್ವ ಬೇರೆ ಶೆಡ್ಡಿನಲ್ಲಿದ್ದಳು. ಬಸ್ಸು ಕಿಕ್ಕಿರಿದು ತುಂಬಿತ್ತು. ಕಾರ್ಡು ಮುಟ್ಟಿಸಿ ಒಳಗೆ ನುಗ್ಗಿದ ಅವ್ವನಿಗೆ ಬೆನ್ನ ಹಿಂದೆ ಸದ್ದಿನ ಮೇಲೆ ಸದ್ದು ಕೇಳಿಸಿತು. ಅದರಲ್ಲೊಂದು ತಂಗಿಯದು ಎಂದುಕೊಂಡಳು. ಊರಲ್ಲಿ ಇಳಿದಾಗಲೂ, ಅಂಗಡಿಗೆ ಹೋಗಿರಬೇಕು ಎಂದುಕೊಂಡೇ ಮನೆಗೆ ಬಂದು ಒಲೆ ಹಚ್ಚಿದಳು. “ಬಿಸಿ ರೊಟ್ಟಿ ವಾಸನಿ ಬಡೀಲಿ, ಹ್ಯಾಂಗ ಓಡಿ ಬರ್ತಾಳ ನೋಡು,” ಎಂದಳು. ನಾನು ಮೂರು ತಾಟು ಹಾಕಿದೆ.

ಬಸ್ಸು ತಪ್ಪಿದ ಚಿಗವ್ವ ಆಗ ಹೆದ್ದಾರಿಯ ಅಂಚಿನಲ್ಲಿ ನಡೆದು ಬರುತ್ತಿದ್ದಳು. ಲಾರಿಯೊಂದು ಬಡಿದು, ನಿಲ್ಲದೆ ಹೋಯಿತು. ಹೊಲದಿಂದ ಮರಳುತ್ತಿದ್ದವರು ಬಂದು ಹೇಳಿದಾಗ ಅವ್ವ ಹಿಟ್ಟಿನ ಕೈಯಲ್ಲೇ ಓಡಿದಳು.

ಚಿಗವ್ವನನ್ನು ಮಣ್ಣು ಮಾಡಿದ ಮೂರನೆಯ ದಿನ ಅವ್ವ ನನ್ನ ಕೈ ಹಿಡಿದುಕೊಂಡು ಹೋಗಿ, ಅವತ್ತು ಎಷ್ಟು ಕಾರ್ಡು ಬಿದ್ದವೆಂದು ಆ ಕಂಡಕ್ಟರನನ್ನು ಕೇಳಿದಳು. ಅವನು ತಲೆ ತಗ್ಗಿಸಿದ.

“ಡಿಪೋದಾಗ ತೆಗಸಿ ನೋಡೀನ್ರಿ ಅಕ್ಕಾ. ಆವತ್ತ ನಿಮ್ಮ ಗೇಟಿನಾಗ ಹನ್ನೊಂದೇ ಕಾರ್ಡ್ ಬಿದ್ದಾವ.”

“ಆ ಮಶೀನಕ್ಕ ಗೊತ್ತಿತ್ತೇನ್ರಿ?” ಎಂದಳು ಅವ್ವ. “ಮತ್ತ ನನಗ್ಯಾಕ ಹೇಳಲಿಲ್ಲ?”

ಆ ಮನೆ ಬಿಟ್ಟು ನಾವು ಬಸವಕಲ್ಯಾಣಕ್ಕೆ ಬಂದೆವು. ಯಂತ್ರವನ್ನಾಗಲಿ, ಮೇಸ್ತ್ರಿಯನ್ನಾಗಲಿ, ಲಾರಿಯವನನ್ನಾಗಲಿ ಅವ್ವ ಬಯ್ದದ್ದು ನಾನು ಕೇಳಿಲ್ಲ. “ನಾ ಒಮ್ಮಿ ತಿರುಗಿ ನೋಡಬೇಕಿತ್ತು,” ಎನ್ನುತ್ತಲೇ ತೀರಿಕೊಂಡಳು. ನಿನ್ನ ತಪ್ಪಲ್ಲ ಅವ್ವಾ ಎಂದು ಅಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಹೇಳಲಿಲ್ಲ. ನನಗೂ ಅದು ಅವಳದೇ ತಪ್ಪು ಅನಿಸಿತ್ತು.