ಕಡವೆ ಗುಡ್ಡದ ಬೂದಿ ಚೀಲ

ಈ ವರ್ಷ ಯುಗಾದಿಯ ಮಾರನೆಯ ದಿನ ಬೆಳಿಗ್ಗೆ ಸೋಮನಾಥಪುರದ ರೈತರೊಬ್ಬರು ಮೈಸೂರಿನ ನನ್ನ ಮನೆಗೆ ಬಂದು ಒಂದು ಬಟ್ಟೆ ಚೀಲ ಕೊಟ್ಟರು. ಅಂಗೈಯಷ್ಟು ದೊಡ್ಡದು. ಬಾಯಿಗೆ ಸೆಣಬಿನ ದಾರ. ಒಳಗೆ ಜರಡಿ ಹಿಡಿದ ಬೂದಿ. ಬಿಚ್ಚಿದಾಗ ಆರಿದ ಒಲೆಯ ವಾಸನೆ ಬಂತು. ಯಾರದೆಂದು ಕೇಳಬೇಕಾಗಲಿಲ್ಲ.

"ನಮ್ಮಾವಂದು ಸಾ. ಓದ್ ತಿಂಗ್ಳು ತೀರ್ಕೊಂಡ್ರು. ಇದ್ನ ನಿಮ್ಗೇ ಕೊಡ್ಬೇಕು ಅಂದಿದ್ರು," ಎಂದರು ಬಂದವರು.

ಅವರ ಮಾವ ನನ್ನ ಹುಟ್ಟೂರು ಹೆಡತಲೆಯಲ್ಲಿ ನಮ್ಮ ಪಕ್ಕದ ಹೊಲದವನು. ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಅಣ್ಣ ಎನ್ನುತ್ತಿದ್ದೆ. ನಾನು ಹೇಳುತ್ತಿರುವುದು ಊರಿಗೆ ಪ್ಲೇಗು ಬಂದು ಹೋಗಿ ಎರಡು ವರ್ಷವಾದ ಮೇಲಿನ ಮಾತು. ಮೈಸೂರಿನ ಒಂದು ಪತ್ರಿಕೆಯಲ್ಲಿ ಕೆಲಸಕ್ಕಿದ್ದ ನಾನು ಸುಗ್ಗಿಗೆಂದು ರಜೆ ಹಾಕಿ ಊರಿಗೆ ಹೋಗಿದ್ದೆ.

ನಮ್ಮ ತಂದೆಯ ಬಳಿ ಒಂದು ಜೋಡುನಳಿಗೆ ಬಂದೂಕು ಇತ್ತು. ಆ ವರ್ಷ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪರವಾನಗಿಯನ್ನು ಬೇರೆಯವರ ಹೆಸರಿಗೆ ಮಾಡಿಕೊಡಬೇಕೆಂದು ಅಮಲ್ದಾರರಿಗೆ ಅರ್ಜಿ ಹೋಗಬೇಕಿತ್ತು. ಬರೆದವನು ನಾನೇ. ಹೆಸರಿನ ಜಾಗ ಖಾಲಿ ಬಿಡು ಎಂದರು ತಂದೆ. ಅವರಿಗೆ ನಾನೊಬ್ಬನೇ ಮಗ.

ಕಾರಣ ನನಗೆ ಗೊತ್ತಿತ್ತು. ಗುಡ್ಡದಿಂದ ಕಡವೆಗಳು ಇಳಿದು ನಮ್ಮದೂ ಆ ಅಣ್ಣನದೂ ಎರಡೂ ಹೊಲದ ಅವರೆ ಮೇಯುತ್ತಿದ್ದವು. ಐವತ್ತು ಹೆಜ್ಜೆಯೊಳಗೆ ಹೋಗದೆ ಆ ಬಂದೂಕಿಗೆ ಕಡವೆ ಬೀಳುವುದಿಲ್ಲ. ಗುರಿಯಲ್ಲಿ ನಾನು ಆತನಿಗಿಂತ ಮೇಲು. ಅಷ್ಟು ದೂರದಿಂದ ತೆಂಗಿನ ಚಿಪ್ಪು ಒಡೆಯುತ್ತಿದ್ದೆ. ಆದರೆ ಗಾಳಿಯಲ್ಲಿ ನನ್ನ ಮೈವಾಸನೆ ಮೊದಲೇ ತಲುಪಿಬಿಡುತ್ತಿತ್ತು, ಕಡವೆಯ ಇನ್ನೂರು ಹೆಜ್ಜೆಗಿಂತ ಹತ್ತಿರ ಎಂದೂ ಹೋಗಿರಲಿಲ್ಲ. ಆತ ಕೈಯಲ್ಲಿ ಕೋಲೂ ಇಲ್ಲದೆ, ಅದರ ಕಿವಿ ಅಲುಗುವುದು ಕಾಣುವಷ್ಟು ಹತ್ತಿರ ಹೋಗಿ ಬರುತ್ತಿದ್ದ. ಸಂಜೆ ನಮ್ಮ ಜಗಲಿಗೆ ಬಂದವರಿಗೆಲ್ಲ ತಂದೆ ಅದನ್ನೇ ಹೇಳುತ್ತಿದ್ದರು. "ಗಾಳಿ ಅವ್ನ ಮನೆ ಎತ್ತು ಕಣಯ್ಯಾ, ಕರೆದ್ ಕಡೆ ಬತ್ತದೆ." ನನ್ನ ವರದಿಗಳನ್ನು ಅವರು ಯಾರಿಗೂ ಓದಿಸಿದ್ದನ್ನು ನಾನು ಕಾಣೆ.

ಆತನ ವಿದ್ಯೆಯಲ್ಲಿ ಗುಟ್ಟಿರಲಿಲ್ಲ. ಕೇಳಿದರೆ ಹೇಳಿಬಿಡುತ್ತಿದ್ದ, ನನಗೆ ಸಹಿಸಲಾಗದ್ದು ಅದೇ.

"ಬಿಸ್ಲು ಬೀಳೋಗಂಟ ಗುಡ್ಡ ಉಸ್ರ ಕೆಳೀಕೆ ಬುಡ್ತದೆ ತಮ್ಮ. ಆಗ ತಳದಿಂದ ಅತ್ತು. ಬಿಸ್ಲು ಕಾದ್ ಮ್ಯಾಲೆ ಉಸ್ರ ಮ್ಯಾಕೆ ಎಳ್ಕತದೆ. ಆಗ ಸುತ್ತಾಕ್ಕೊಂಡು ನೆತ್ತಿಯಿಂದ ಇಳಿ. ನಡುವೆ ಒಂದ್ ಗಳಿಗೆ ಗಾಳಿಗೇ ಗೊತ್ತಿರಕಿಲ್ಲ ಎತ್ತ ಓಗ್ಬೇಕು ಅಂತ. ಆಗ ಕಲ್ಲಾಗು." ಆಮೇಲೆ ನಕ್ಕ. "ಓದ್ಕೊಂಡೋರ್ಗೆ ಅದೊಂದೇ ಕಷ್ಟ, ಸುಮ್ಕಿರೋದು."

ಒಂದು ನಸುಕಿನಲ್ಲಿ ಹೊರಟೆವು. ದೊಡ್ಡ ಕೊಂಬಿನ ಗಂಡು ಕಡವೆಯೊಂದು ಅವರೆ ಮೇದು ಗುಡ್ಡದ ನಡುವಿನ ಪೊದೆಯಲ್ಲಿ ಮಲಗಿತ್ತು. ತಂದೆ ಬಂದೂಕನ್ನು ಆತನ ಕೈಗೆ ಕೊಟ್ಟು, ತಾವು ಹೊಲದ ಅಟ್ಟಣೆಯ ಮೇಲೆ ಗುಂಡಿನ ಸದ್ದಿಗೆ ಕಿವಿಗೊಟ್ಟು ಕುಳಿತರು. ಬೀಳಿಸಿದರೆ ಅರ್ಜಿಯಲ್ಲಿ ಯಾರ ಹೆಸರು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆತ ತಳದ ಕೊರಕಲಿನಿಂದ ಹತ್ತಬೇಕು. ಅಲ್ಲಿ ನೆರಳು, ಗಾಳಿ ತಿರುಗಿದ್ದು ಅಲ್ಲಿ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಬಿಸಿಲು ಮೊದಲು ಬೀಳುವುದು ಮೇಲೆ, ಪೊದೆಯ ನೇರಕ್ಕಲ್ಲದೆ ಒಂದು ಪಕ್ಕಕ್ಕಿದ್ದ ಬಂಡೆಗೆ. ಅಲ್ಲಿಗೆ ನನ್ನನ್ನು ಕಳಿಸಿದ. ತನ್ನ ಚೀಲದಿಂದ ಒಂದು ಹಿಡಿ ಬೂದಿ ನನ್ನ ಕೈಗೆ ಸುರಿದ.

"ಬೂದಿ ಮ್ಯಾಕ್ ಎದ್ದೇಟ್ಗೆ ನಿನ್ ವಲ್ಲೀನ ಬಂಡೆ ಮ್ಯಾಲ್ ಆಸು. ನಾನ್ ಅಲ್ಲೇ ನಿಂತ್ಕೋತೀನಿ."

ಹಿಂಬದಿಯಿಂದ ಸುತ್ತಿ ಬಂಡೆ ಸೇರಿದೆ. ಬಿಸಿಲು ಬಿತ್ತು. ಒಂದು ಚಿಟಿಕೆ ಬೂದಿ ಬಿಟ್ಟೆ; ಕೆಳಗಿಳಿಯಿತು. ಎರಡನೆಯದು ಇದ್ದಲ್ಲೇ ಸುತ್ತಿತು. ಮೂರನೆಯದು ನೇರ ನನ್ನ ಮುಖಕ್ಕೆ ಎದ್ದಿತು. ಕೆಳಗೆ ಆತ ಪೊದೆಗೆ ಎಂಬತ್ತು ಹೆಜ್ಜೆಯಲ್ಲಿದ್ದ, ಅಂಬೆಗಾಲಿನಲ್ಲಿ ಬರುತ್ತಿದ್ದ. ಸ್ವಲ್ಪ ಸ್ವಲ್ಪ ಹೊತ್ತಿಗೆ ತಲೆಯೆತ್ತಿ ಬಂಡೆಯ ಕಡೆ ನೋಡುತ್ತಿದ್ದ. ಬಿಳಿ ವಲ್ಲಿ ನನ್ನ ಹೆಗಲ ಮೇಲಿತ್ತು... ಅಲ್ಲೇ ಇತ್ತು.

ಕಡವೆ ಎದ್ದು ನಿಂತಿತು. ಒಮ್ಮೆ ಕೂಗಿತು. ಕಲ್ಲು ಉರುಳಿದ ಸದ್ದಾಯಿತು. ಆಮೇಲೆ ಏನೂ ಇಲ್ಲ.

ಇಳಿದು ಬಂದಾಗ ಕೊರಕಲಿನ ಬಳಿ ಆತ ಕಾದಿದ್ದ. ದೂರದಲ್ಲಿ ತಂದೆ ಕೋಲೂರಿಕೊಂಡು ಬರುತ್ತಿದ್ದರು. ಆತ ನನ್ನ ಮುಖವನ್ನು ನೋಡಿದ. ಹೆಗಲಿನ ವಲ್ಲಿಯ ತುದಿಯನ್ನು ಎತ್ತಿ ನನ್ನ ಕೈಗಿಟ್ಟ.

"ಮೀಸೆ ಒರೆಸ್ಕೊ ತಮ್ಮ. ಬೂದಿ ಅಂಟ್ಕಂಡದೆ."

ಗಾಳಿ ಕೆಳಗಿಳಿಯುತ್ತಿದ್ದರೆ ಬೂದಿ ಮೀಸೆಗೆ ಏರುತ್ತಿರಲಿಲ್ಲ. ತಂದೆಗೆ ಕಾಣುವಂತಿರಲಿಲ್ಲ, ಆತ ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಏನಾಯ್ತ್ಲಾ?" ಎಂದರು ತಂದೆ.

"ನಂದೇ ತಪ್ಪು ಗೌಡ್ರೇ. ಆತ್ರ ಬಿದ್ದೆ."

ಮನೆಗೆ ಬಂದು ಅರ್ಜಿಯ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದೆ. ತಂದೆ ತಡವಿಕೊಂಡು ಸಹಿ ಹಾಕಿದರು. ಅಂದು ಸಂಜೆ ಅವರು ನಮ್ಮ ಜಗಲಿ ಬಿಟ್ಟು ಆತನ ಜಗಲಿಗೆ ಹೋಗಿ ಕುಳಿತರು. ಮಾರನೆಯ ಸಂಜೆಯೂ ಅಲ್ಲಿಗೇ ಹೋದರು. ಗಾಳಿಯ ವಿದ್ಯೆಗಿಂತ ಆ ಒಂದು ಸುಳ್ಳಿನ ಮೇಲೆ ನನಗೆ ಹೆಚ್ಚು ಹೊಟ್ಟೆಯುರಿ... ಈಗಲೂ.

ಬಂದೂಕನ್ನು ನಾನು ಮೈಸೂರಿಗೆ ತೆಗೆದುಕೊಂಡು ಬಂದೆ. ಮುಂದಿನ ಮೂರು ಸುಗ್ಗಿಯಲ್ಲಿ ಕಡವೆಗಳು ಆತನ ಅವರೆಯನ್ನು ಬುಡ ಸಹಿತ ಮೇದವು. ನಾಲ್ಕನೆಯ ವರ್ಷ ಆತ ಹೊಲ ಬಿಟ್ಟು ಸೋಮನಾಥಪುರದ ಕಡೆಗೆ, ಹೆಂಡತಿಯ ಊರಿಗೆ ಹೋದ. ತಂದೆ ಬೇರೆಯವರ ಕೈಯಲ್ಲಿ ಬರೆಸಿದ ಕಾಗದದಿಂದ ನನಗೆ ತಿಳಿಯಿತು. ಆ ಮೇಲೆ ಆತನನ್ನು ನಾನು ನೋಡಲಿಲ್ಲ.

"ಗುಡ್ಡವಿಲ್ಲದ ನಿಮ್ಮ ಬಯಲಲ್ಲಿ ಈ ಬೂದಿ ಯಾಕೆ ಬೇಕಿತ್ತು?" ಎಂದು ಬಂದವರನ್ನು ಕೇಳಿದೆ.

"ಕಣದಾಗೆ ತೂರೋ ಒತ್ಗೆ ಒಂದ್ ಚಿಟ್ಕಿ ಬುಡೋರು ಸಾ. ಅವ್ರು ಊಂ ಅನ್ನೋಗಂಟ ಊರ್ನಾಗೆ ಒಬ್ರೂ ಮೊರ ಎತ್ತೋರಲ್ಲ."

ಮೊರ ಹಿಡಿದ ಒಂದು ಊರು ಆತನ ಬೆರಳನ್ನೇ ನೋಡುತ್ತ ನಿಂತದ್ದು ಕಣ್ಣಿಗೆ ಕಟ್ಟಿತು. ಕಾಫಿ ತರಿಸಿ ಬೇರೆ ಮಾತು ತೆಗೆದೆ. ಅವರು ಹೊರಡುವಾಗ ತಡೆಯಲಾಗದೆ, ಚೀಲ ಕೊಡುವಾಗ ನಿಮ್ಮ ಮಾವ ಏನಾದರೂ ಹೇಳಿದರೇ ಎಂದೆ.

"ಏನಿಲ್ಲ ಸಾ. ಬೂದಿ ಒಸ್ದು ತುಂಬ್ಸಿ ಕೊಡು ಅಂದ್ರು, ಅಷ್ಟೇಯ."

ಬಂದೂಕು ನನ್ನ ಕೋಣೆಯ ಗೋಡೆಯ ಮೇಲಿದೆ. ಅದರಿಂದ ಈವರೆಗೆ ಕಡವೆ ಬಿದ್ದಿಲ್ಲ. ಪರವಾನಗಿ ಈ ವರ್ಷವೂ ನನ್ನ ಹೆಸರಿನಲ್ಲಿ ನವೀಕರಣವಾಗಿದೆ.